ಎಡ ಮುಂಗಾಲು

ಮರ್ವಿನ್ ಝಾಡೋ ಫೋನಿನಲ್ಲಿ ಹಲೋ ಕೂಡ ಹೇಳಲಿಲ್ಲ.

"ಕಾಲು ಮುರ್ಕೊಂಡೆ," ಎಂದ. "ಪ್ಯಾಟರ್ಸನ್ ಮನೆ ಹೇಸರಗತ್ತೆ ಒದ್ದುಬಿಡ್ತು. ತೊಡೆವರೆಗೂ ಪ್ಲಾಸ್ಟರ್ ಹಾಕಿ ಕೂರ್ಸಿದಾರೆ."

ನಾನು ಮಗಳ ಸ್ಕೂಲಿನ ಎದುರು ಟ್ರಕ್ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಇದನ್ನೆಲ್ಲ ಈ ಮನುಷ್ಯ ನನಗೇಕೆ ಹೇಳುತ್ತಿದ್ದಾನೆಂದು ಮೊದಲು ತಿಳಿಯಲಿಲ್ಲ. ರೆನ್‌ಫ್ರೂ ಊರಿನ ಸುತ್ತಮುತ್ತ ಕುದುರೆಗಳಿಗೆ ಲಾಳ ಕಟ್ಟುವವರು ನಾವಿಬ್ಬರೇ. ನಾನು ಈ ಕೆಲಸಕ್ಕೆ ಇಳಿದಾಗಿನಿಂದ ಅವನು ನನ್ನ ಜೊತೆ ಆಡಿದ ಮಾತನ್ನೆಲ್ಲ ಸೇರಿಸಿದರೂ ಒಂದು ಪೋಸ್ಟ್‌ಕಾರ್ಡ್ ತುಂಬುತ್ತಿರಲಿಲ್ಲ. ದಾರಿಯಲ್ಲಿ ಟ್ರಕ್ಕುಗಳು ಎದುರುಬದುರಾದರೆ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಿದ್ದ. ನಾನೂ ಒಂದು ಬೆರಳು ಎತ್ತುತ್ತಿದ್ದೆ. ಯಾವ ಬೆರಳು ಎಂದು ಮಗಳು ಟೆಸ್ಸಾ ಕೇಳಿ ನಗುತ್ತಿದ್ದಳು.

"ಅಯ್ಯೋ. ತುಂಬಾ ನೋವಿದೆಯಾ?"

"ಇಲ್ಲ, ಕಚಗುಳಿ ಆಗ್ತಿದೆ. ಕೇಳಿಲ್ಲಿ ಹುಡುಗಿ. ಹಿಮ ಕರಗ್ತಾ ಇದೆ, ಎಲ್ರೂ ಕುದುರೆ ಹೊರಗೆ ತೆಗೀತಾರೆ. ನನ್ನ ಲಾಯಗಳನ್ನ ನೀನು ನೋಡ್ಕೋಬೇಕು."

ನಲವತ್ತು ದಾಟಿದ ನನ್ನನ್ನು ಹುಡುಗಿ ಎನ್ನುವವನು ಅವನೊಬ್ಬನೇ. ಆದರೆ ಆ ದನಿಯ ಹಿಂದೆ ಏನಿದೆ ಎಂದು ನನಗೆ ಗೊತ್ತಿತ್ತು. ಗೊರಸು ಯಾರಿಗೂ ಕಾಯುವುದಿಲ್ಲ. ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ಆರೇಳು ವಾರಕ್ಕೊಮ್ಮೆ ಲಾಳ ಕಿತ್ತು, ಗೊರಸು ಸವರಿ, ಮತ್ತೆ ಕಟ್ಟಲೇಬೇಕು. ಒಂದು ಸರದಿ ನೀನು ಹೋಗದಿದ್ದರೆ ಯಜಮಾನರು ಬೇರೆಯವರನ್ನು ಕರೆಯುತ್ತಾರೆ, ಎರಡನೆಯ ಸರದಿಗೆ ನಿನ್ನ ಹೆಸರೂ ನೆನಪಿರುವುದಿಲ್ಲ. ಆ ಹೆದರಿಕೆ ಚಳಿಗಾಲದಿಂದ ನನಗೂ ಇತ್ತು. ನನ್ನ ಬಲ ಮಂಡಿ ಸವೆದುಹೋಗಿದೆ. ಆಪರೇಷನ್ ಅನ್ನು ಆಗಲೇ ಎರಡು ಸಲ ಮುಂದಕ್ಕೆ ಹಾಕಿದ್ದೆ. ಮೂರನೆಯ ಸಲ ಹಾಕಿದರೆ ಕಾಯುವವರ ಪಟ್ಟಿಯಿಂದಲೇ ಹೆಸರು ತೆಗೆಯುತ್ತೇವೆ ಎಂದು ಆಸ್ಪತ್ರೆಯವಳು ಸಮಾಧಾನದ ದನಿಯಲ್ಲೇ ಹೇಳಿದ್ದಳು. ಎರಡು ತಿಂಗಳು ಹಾಸಿಗೆಯಲ್ಲಿದ್ದು ಎದ್ದು ಬಂದರೆ ಯಾರ ಲಾಯ ನನಗಾಗಿ ಕಾದಿರುತ್ತದೆ? ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

"ನೋಡ್ಕೋತೀನಿ," ಎಂದೆ. "ಆದ್ರೆ ಅಕ್ಟೋಬರ್‌ನಲ್ಲಿ ನನ್ನ ಮಂಡಿ ಆಪರೇಷನ್ ಇದೆ. ಆಗ ನನ್ನ ಲಾಯಗಳನ್ನ ನೀವು ನೋಡ್ಕೋಬೇಕು."



"ನನ್ನ ಗಿರಾಕಿ ಒಬ್ರನ್ನೂ ಎಗರಿಸದೆ ಇದ್ರೆ, ಆಗ್ಲಿ."

"ನಾನೇನು ಕಳ್ಳಿನಾ?"

"ಹಾಗಂತ ಅಂದ್ನಾ ನಾನು? ನಾನು ಹೇಗೆ ಕಟ್ಟಿದೀನೋ ಹಾಗೇ ಕಟ್ಬೇಕು. ಕೂದಲೆಳೆ ಹೆಚ್ಚುಕಮ್ಮಿ ಆಗ್ಬಾರ್ದು. ನಿನ್ನ ಜಾಣತನ ನಿನ್ನ ಲಾಯದಲ್ಲಿಟ್ಕೋ."

ಅದನ್ನು ಅವನು ಹೇಳಬೇಕಾಗಿರಲಿಲ್ಲ. ನಮ್ಮ ಕಸುಬಿನಲ್ಲಿ ಅದು ಎಲ್ಲರೂ ನಡೆಸಿಕೊಂಡು ಬಂದ ಕಟ್ಟಳೆ. ಇನ್ನೊಬ್ಬರ ಕುದುರೆಗೆ ಅವರ ಬದಲಿಗೆ ಕೈ ಹಚ್ಚಿದರೆ ಅವರ ಕೈಯ ಹಾಗೇ ಕಟ್ಟಿ ಬರಬೇಕು, ಅವರ ಕೆಲಸದ ಬಗ್ಗೆ ಯಜಮಾನರ ಎದುರು ತುಟಿ ಬಿಚ್ಚಬಾರದು. ತುಟಿ ಬಿಚ್ಚಿದವರಿಗೆ ಮುಂದೆ ಯಾರೂ ನೆರವಿಗೆ ಬರುವುದಿಲ್ಲ.

ಟೆಸ್ಸಾ ಬಾಗಿಲು ತೆಗೆದು ಹತ್ತಿ ಕೂತಳು. "ಯಾರಮ್ಮ ಫೋನಲ್ಲಿ?"

"ಮರ್ವಿನ್ ಝಾಡೋ. ಕಾಲು ಮುರಿದಿದೆಯಂತೆ."

"ಆ ಸಿಡುಕು ಮುದುಕನಾ? ಒಳ್ಳೇದೇ ಆಯ್ತಲ್ಲ, ನಿನ್ನ ಶತ್ರು."

"ಶತ್ರು ಅಲ್ಲ ಕಣೇ. ಅವರೂ ಅದೇ ಕೆಲಸ ಮಾಡ್ತಾರೆ, ಅಷ್ಟೇ."

"ಎರಡಕ್ಕೂ ಏನು ವ್ಯತ್ಯಾಸ?"

ಶತ್ರುವಿನ ಕಾಲು ಮುರಿದರೆ ಖುಷಿಯಾಗುತ್ತದೆ. ನನಗೆ ಭಯವಾಗಿತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಸೀಟ್ ಬೆಲ್ಟ್ ಹಾಕಿಕೋ ಎಂದೆ.

ಮರ್ವಿನ್‌ನ ಕೈಚಳಕ ನೋಡಿ ಮೊದಲ ವಾರ ನನಗೆ ಹೊಟ್ಟೆಕಿಚ್ಚೇ ಆಯಿತು. ಗೊರಸಿನಿಂದ ಹೊರಬಂದ ಮೊಳೆಯ ತುದಿಗಳನ್ನು ಮಡಚಿ ಕೂರಿಸುತ್ತೇವಲ್ಲ, ಅವನು ಕೂರಿಸಿದ್ದು ಅಕ್ಕಿಕಾಳು ಜೋಡಿಸಿದ ಹಾಗೆ ಒಂದೇ ಸಾಲು, ಒಂದೇ ಅಳತೆ. ಹಿಂಗಾಲುಗಳ ಮೇಲೆ ಅರ ಹಾಕಿದ್ದು ಕನ್ನಡಿಯ ಹಾಗೆ. ಅದನ್ನೇ ನೋಡಿ ನೋಡಿ ನಾನೂ ಹಾಗೇ ಕಟ್ಟುತ್ತ ಹೋದೆ. ನನ್ನ ಲಾಯಗಳ ಜೊತೆಗೆ ಅವನವೂ ಸೇರಿ ಬೆನ್ನು ಬಿದ್ದುಹೋಗುತ್ತಿತ್ತು. ಮನೆಗೆ ಬಂದರೆ ಮಂಡಿಯ ಮೇಲೆ ಹೆಪ್ಪುಗಟ್ಟಿದ ಬಟಾಣಿಯ ಪೊಟ್ಟಣ ಇಟ್ಟುಕೊಂಡು ಕುರ್ಚಿಯಲ್ಲಿ ಕುಸಿಯುತ್ತಿದ್ದೆ. "ಅದೇ ಬಟಾಣಿ ಇವತ್ತಿನ ಅಡುಗೆಗೆ ಹಾಕ್ಬೇಡ ಮತ್ತೆ," ಎಂದು ಟೆಸ್ಸಾ ಎಚ್ಚರಿಸುತ್ತಿದ್ದಳು.

ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಎಡ ಮುಂಗಾಲು.

ಮೊದಲ ಕುದುರೆಯಲ್ಲಿ ಕಂಡಾಗ ಅದರ ಕಾಲೇ ಹಾಗಿರಬೇಕು ಅಂದುಕೊಂಡೆ. ಗೊರಸಿನ ಮುಂತುದಿ ಉದ್ದ, ಹಿಮ್ಮಡಿ ಕುಸಿದಿದೆ, ಲಾಳ ಒಂದಿಷ್ಟು ಮುಂದಕ್ಕೆ ಜಾರಿ ಕೂತಿದೆ. ಎರಡನೆಯ ಲಾಯದಲ್ಲೂ ಹಾಗೇ. ಮೂರನೆಯದರಲ್ಲೂ. ಬೇರೆ ಬೇರೆ ಕುದುರೆ, ಬೇರೆ ಬೇರೆ ತಳಿ, ತಪ್ಪು ಮಾತ್ರ ಒಂದೇ ಕಾಲಿನಲ್ಲಿ. ತಪ್ಪು ಕುದುರೆಯದಲ್ಲ.

ಎಡ ಮುಂಗಾಲನ್ನು ತೊಡೆಗಳ ನಡುವೆ ಹಿಡಿದು ಬಗ್ಗಿ ನಿಂತಾಗ ನನಗೆ ಹೊಳೆಯಿತು. ಇಲ್ಲಿ ನಿಂತರೆ ಭಾರವೆಲ್ಲ ಎಡ ಸೊಂಟದ ಮೇಲೆ ಬೀಳುತ್ತದೆ. ಸೊಂಟ ನೋಯುವವನು ಸಾಕಷ್ಟು ಕೆಳಗೆ ಬಗ್ಗಲಾರ, ಹಿಮ್ಮಡಿ ಅವನ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ, ಬೇಗ ಮುಗಿಸಿ ಎದ್ದರೆ ಸಾಕು ಅನ್ನಿಸುತ್ತದೆ. ಕೆಲವು ಕಾಲುಗಳನ್ನು ನಾನೂ ಹಾಗೇ ಅವಸರದಲ್ಲಿ ಮುಗಿಸುತ್ತೇನೆ, ಮಂಡಿ ಕೂಗಿಕೊಂಡಾಗ. ಮರ್ವಿನ್‌ನ ನೋವನ್ನು ಅವನು ಯಾರಿಗೂ ಹೇಳಿರಲಿಲ್ಲ. ಗೊರಸು ನೋಡಿದರೆ ವರ್ಷದ ಮೇಲಿನ ನೋವು.

ಆ ಹೊತ್ತಿಗೆ ನನಗೆ ಅವನ ಮೇಲೆ ಕನಿಕರ ಹುಟ್ಟಬೇಕಿತ್ತು. ಹುಟ್ಟಿದ್ದು ಬೇರೆ. ಪ್ಲಾಸ್ಟರ್ ಬಿಚ್ಚಿದರೂ ಈ ಸೊಂಟ ಸರಿಹೋಗುವುದಿಲ್ಲ. ಅಕ್ಟೋಬರ್‌ನಲ್ಲಿ ನನ್ನ ಕುದುರೆಗಳ ಕೆಳಗೆ ಬಗ್ಗಬೇಕಾದವನು ಇವನೇ ತಾನೇ?

ಆದರೂ ಮಾತು ಕೊಟ್ಟಿದ್ದೆ. ಗಟ್ಟಿ ಕುದುರೆಗಳಲ್ಲಿ ತಪ್ಪು ಸಣ್ಣದು, ನಡೆದುಹೋಗುತ್ತಿತ್ತು. ಹಲ್ಲು ಕಚ್ಚಿಕೊಂಡು ಅವನು ಕಟ್ಟಿದ ಹಾಗೇ ಕಟ್ಟಿದೆ. ಬೆವ್ ಮ್ಯಾಕಿನ್ನಿಸ್‌ಳ ಲಾಯದಲ್ಲೂ ಹಾಗೇ ಕಟ್ಟಿ ಬಂದೆ.

ಬೆವ್ ಮಕ್ಕಳಿಗೆ ಕುದುರೆ ಸವಾರಿ ಕಲಿಸುವವಳು, ಮರ್ವಿನ್‌ನ ಎಲ್ಲರಿಗಿಂತ ದೊಡ್ಡ ಗಿರಾಕಿ. ಕುದುರೆಯಿರುವ ಮನೆಗಳಿಗೆಲ್ಲ ಅವಳ ಮಾತು ತಲುಪುತ್ತದೆ. ಎರಡನೆಯ ಸರದಿಗೆ ನಾನು ಹೋಗುವಾಗ ಕಚ್ಚುವ ಕರಿನೊಣಗಳ ಕಾಲ. ಬೆವ್ ತಲೆಗೆ ಬಲೆಯ ಟೋಪಿ ಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು ಅಂಗಳದಲ್ಲೇ ನಿಂತಿದ್ದಳು. ಪಕ್ಕದಲ್ಲಿ ಜುನಿಪರ್, ಅವಳ ಮುದ್ದಿನ ಕೆಂಚು ಹೆಣ್ಣುಕುದುರೆ. ಎಡ ಮುಂಗಾಲನ್ನು ಮುಂದಕ್ಕೆ ಚಾಚಿ, ಭಾರವೇ ಹಾಕದೆ ನಿಂತಿತ್ತು.

"ನೋಡು," ಎಂದಳು ಬೆವ್. ಜಲ್ಲಿಯ ಮೇಲೆ ನಡೆಸಿದಳು. ಜುನಿಪರ್ ಗಾಜಿನ ಚೂರು ತುಳಿದ ಹಾಗೆ ಹೆಜ್ಜೆ ಮೊಟಕಾಗಿಸಿ ನಡೆಯಿತು. "ನೀನು ಕಟ್ಟಿ ಹೋದ್ಮೇಲೆ ಹೀಗಾಗಿರೋದು ಕೊಲೀನ್. ಮರ್ವಿನ್ ಇದ್ದಾಗ ಒಂದು ದಿನ ಕುಂಟಲಿಲ್ಲ ಇದು."

ನಾನು ಕಾಲೆತ್ತಿ ನೋಡಿದೆ. ಹಿಮ್ಮಡಿ ಬಿಸಿಯಾಗಿತ್ತು. ಈ ಕುದುರೆಯ ಗೊರಸು ಮೊದಲೇ ತೆಳು. ಬೇರೆಯವು ತಡೆದುಕೊಂಡದ್ದನ್ನು ಇದು ತಡೆದುಕೊಳ್ಳಲಿಲ್ಲ. ಉಪಾಯ ಎದುರಿಗೇ ಇತ್ತು: ಮುಂತುದಿ ಹಿಂದಕ್ಕೆ ತರಬೇಕು, ಹಿಮ್ಮಡಿಗೆ ಆಸರೆ ಕೊಡುವ ಉದ್ದ ಲಾಳ ಹಾಕಬೇಕು. ಈಗಲೇ ಮಾಡಿಬಿಡಬಹುದಿತ್ತು. ಮಾಡಿದರೆ ಬೆವ್ ಕೇಳುತ್ತಾಳೆ, ಇದೇಕೆ ಬೇರೆ ಥರ ಇದೆ ಎಂದು. ಮರ್ವಿನ್‌ನ ತಪ್ಪು ಎಂದರೆ ಸಂಜೆಯೊಳಗೆ ಅವನ ಕಿವಿಗೆ ಬೀಳುತ್ತದೆ, ಅಕ್ಟೋಬರ್ ಮುಳುಗಿತು. ನನ್ನ ತಪ್ಪು ಎಂದು ಒಪ್ಪಿಕೊಂಡರೆ ನನ್ನ ಹೆಸರು ಮುಳುಗಿತು. ಸುಮ್ಮನೆ ಹಳೆಯ ಹಾಗೇ ಕಟ್ಟಿದರೆ ಈ ಮೂಕಪ್ರಾಣಿ ಮುಳುಗಿತು.

"ಏನು, ನಾಲಿಗೆ ಬಿದ್ದುಹೋಯ್ತಾ?" ಎಂದಳು ಬೆವ್.

"ನಾಳೆ ಬರ್ತೀನಿ ಬೆವ್. ಅಲ್ಲೀವರೆಗೆ ಮೆತ್ತನೆ ಮರದಪುಡಿ ಮೇಲೆ ನಿಲ್ಸಿರಿ."

"ನಾಳೆ ಯಾಕೆ?"

"ಮರ್ವಿನ್‌ನ ಒಂದು ಮಾತು ಕೇಳ್ಬೇಕು."

"ಅದೇ ಮೊದಲು ಮಾಡ್ಬೇಕಿತ್ತು," ಎಂದು ಬಲೆಯೊಳಗಿಂದಲೇ ಮೂತಿ ತಿರುವಿದಳು.

ಮರ್ವಿನ್ ಅಡುಗೆಮನೆಯ ಕಿಟಕಿಯ ಹತ್ತಿರ ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದ. ನಾನು ಕೂರುವ ಮೊದಲೇ ಶುರುಮಾಡಿದ.

"ಬೆವ್ ಫೋನ್ ಮಾಡಿದ್ಲು. ನನ್ನ ಕುದುರೇನ ಕುಂಟು ಮಾಡಿದೀಯಂತೆ. ನಾನು ಕಟ್ಟಿದ ಹಾಗೇ ಕಟ್ಟು ಅಂತ ಹೇಳಿದ್ನಾ ಇಲ್ವಾ?"

"ನೀವು ಕಟ್ಟಿದ ಹಾಗೇ ಕಟ್ಟಿದೀನಿ ಮರ್ವಿನ್."

ಮಾತು ಬಾಯಿಂದ ಬಿದ್ದುಬಿಟ್ಟಿತು. ಅವನ ಹೆಂಡತಿ ಇರ್ಮಾ ಒಲೆಯ ಹತ್ತಿರ ತಟ್ಟೆಗೆ ಬೆಣ್ಣೆ ಟಾರ್ಟ್ ಎಂಬ ಸಿಹಿತಿಂಡಿ ಇಡುತ್ತಿದ್ದವಳು ಹಾಗೇ ನಿಂತಳು.

"ಏನಂದೆ?" ಎಂದ ಮರ್ವಿನ್, ಮೆಲ್ಲಗೆ.

"ಹಾಗಂದ್ರೆ... ನನಗೆ ಗೊತ್ತಾಗ್ತಿಲ್ಲ ಅಂದೆ. ಆ ಕಾಲಿನ ವಿಷಯ ನನ್ನ ತಲೆಗೆ ಹೋಗ್ತಿಲ್ಲ. ನೀವೊಂದ್ಸಲ ಬಂದು ನೋಡಿ. ನೀವು ಹೇಳಿದ ಹಾಗೆ ಮಾಡ್ತೀನಿ."

"ಈ ಮರದ ದಿಮ್ಮಿ ಕಟ್ಕೊಂಡು ಬರ್ಲಾ?"

"ಟ್ರಕ್ಕಲ್ಲಿ ಕರ್ಕೊಂಡು ಹೋಗ್ತೀನಿ. ಹಿಂದಿನ ಸೀಟಲ್ಲಿ ಕಾಲು ಚಾಚ್ಕೊಂಡು ಕೂರಿ."

"ಹೆಣ ಸಾಗ್ಸೋ ಹಾಗೆ," ಎಂದ. ಆದರೆ ಬರುವುದಿಲ್ಲ ಎನ್ನಲಿಲ್ಲ.

ಇರ್ಮಾ ನನ್ನನ್ನು ಬಾಗಿಲವರೆಗೆ ಬಿಡಲು ಬಂದು, ಟಾರ್ಟ್ ಪೊಟ್ಟಣ ಕೈಗಿಡುತ್ತ ಪಿಸುಗುಟ್ಟಿದಳು. "ಹೋದ ವರ್ಷದಿಂದ ಅವರ ಕಾಲುಚೀಲ ಹಾಕೋಳು ನಾನು. ಬಗ್ಗೋಕಾಗಲ್ಲ. ಯಾರ ಹತ್ರಾನೂ ಅನ್ಬೇಡ ತಾಯಿ."

ನಾನು ಹೂಂ ಎಂದೆ. ಅಂದಮೇಲೆ ಬಗ್ಗಲಾರದವನ ಕೆಲಸ ಹೇಗಿರುತ್ತದೆಂದು ಅವನಿಗೂ ಗೊತ್ತು. ಗೊತ್ತಿರುವವನು ನಾಳೆ ಬೆವ್ ಎದುರು ಏನು ಮಾಡುತ್ತಾನೆ? ಎಲ್ಲವನ್ನೂ ನನ್ನ ತಲೆಗೆ ಕಟ್ಟಿಬಿಡುವುದು ಎಷ್ಟು ಸುಲಭ!

ಮರುದಿನ ಊರುಗೋಲು ಊರಿಕೊಂಡು ಅವನು ಬೆವ್‌ಳ ಅಂಗಳಕ್ಕೆ ಇಳಿದ. ನಾನು ಬಕೆಟ್ ಒಂದನ್ನು ಬೋರಲು ಹಾಕಿ ಜುನಿಪರ್‌ನ ಎಡಗಡೆ ಇಟ್ಟೆ. ಅದರ ಮೇಲೆ ಕೂತ. ಎಷ್ಟೋ ಕಾಲದ ಮೇಲೆ ಅವನ ಕಣ್ಣು ಆ ಗೊರಸಿನ ಎತ್ತರಕ್ಕೆ ಇಳಿದಿತ್ತು.

ಕಾಲೆತ್ತಿ ತೋರಿಸಿದೆ. ಹಿಮ್ಮಡಿಯ ಉದ್ದಕ್ಕೂ ಹೆಬ್ಬೆರಳು ಸವರಿದ. ಒಮ್ಮೆ ಸವರಿ, ಮತ್ತೆ ಸವರಿದ. ತನ್ನ ಕೈಬರಹ ಅವನಿಗೆ ಗುರುತು ಸಿಗದೆ ಇರಲು ಸಾಧ್ಯವಿರಲಿಲ್ಲ. ಹುಬ್ಬಿನ ಮೇಲೆ ನೊಣ ಕೂತಿತ್ತು, ಓಡಿಸಲಿಲ್ಲ.

"ಏನು ಮರ್ವಿನ್?" ಎಂದಳು ಬೆವ್.

ಅವನು ತಲೆಯೆತ್ತಿ ನೋಡಿದ್ದು ನನ್ನನ್ನು.

"ಯಾರು ಹೇಳಿದ್ದು ನಿನಗೆ ಇಷ್ಟುದ್ದ ತುದಿ ಬಿಡು ಅಂತ?" ಎಂದು ಗುಡುಗಿದ. "ಇದೇನು ಗೊರಸಾ, ದೋಣಿಯಾ? ಹಿಮ್ಮಡಿ ಎಲ್ಲಿ? ಹಿಮ್ಮಡಿ ತಿಂದ್ಹಾಕಿದೀಯಲ್ಲ!"

ಕೈಯಲ್ಲಿದ್ದ ಅರವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅದರ ಹಲ್ಲು ಕೈಗವಸಿನ ಮೂಲಕ ಚುಚ್ಚಿತು. ಒಂದೇ ಒಂದು ಮಾತು ಸಾಕಿತ್ತು. ಆ ಕಡೆಯ ಬೇಲಿಯೊಳಗೆ, ಹೋದ ಸರದಿಯಲ್ಲಿ ನನ್ನ ಕೈತಪ್ಪಿದ, ಅವನೇ ಮಾರ್ಚ್‌ನಲ್ಲಿ ಕಟ್ಟಿದ ಲಾಳ ಇನ್ನೂ ಬಿಚ್ಚದ ಒಂದು ಪುಟ್ಟ ಕುದುರೆ ನಿಂತಿತ್ತು. ಅದರ ಎಡ ಮುಂಗಾಲು ಎತ್ತಿ ತೋರಿಸಿದ್ದರೆ ಮುಗಿಯುತ್ತಿತ್ತು.

"ಈಗೇನು ಮಾಡ್ಲಿ?" ಎಂದೆ.

"ಮೊದಲು ಆ ಮೊಳೆ ಕೀಳು. ನಿಧಾನ! ಮನೆ ಬಾಗಿಲು ಒಡೀತಿದೀಯಾ?"

ಬೆವ್ ಕಿಸಕ್ಕನೆ ನಕ್ಕಳು. ನಾನು ಮೊಳೆ ಕಿತ್ತೆ. ಅವನು ಹೇಳುತ್ತ ಹೋದ, ನಾನು ಮಾಡುತ್ತ ಹೋದೆ. ತುದಿಯನ್ನು ಎಲ್ಲಿವರೆಗೆ ಹಿಂದಕ್ಕೆ ತರಬೇಕು, ಎಲ್ಲಿ ನಿಲ್ಲಬೇಕು, ಹಿಮ್ಮಡಿಯ ಹಿಂದೆ ಲಾಳ ಎಷ್ಟು ಚಾಚಬೇಕು. ಟ್ರಕ್ಕಿನ ಹಿಂದಿನ ಕುಲುಮೆಯಲ್ಲಿ ಲಾಳ ಕೆಂಪಾದಾಗ ಬಣ್ಣ ನೋಡಿಯೇ "ಈಗ" ಎಂದ. ನಾನು ಅಡೆಗಲ್ಲಿನ ಮೇಲೆ ಬಡಿದೆ. ನಾನೊಬ್ಬಳೇ ಇದ್ದಿದ್ದರೂ ಹೆಚ್ಚುಕಮ್ಮಿ ಇದನ್ನೇ ಮಾಡುತ್ತಿದ್ದೆ. ಒಂದು ಕಡೆ ಮಾತ್ರ ಅವನು, "ಒಳಗಿನ ಅಂಚು ಇನ್ನೊಂಚೂರು ಬಿಡು, ಈ ಹೆಣ್ಣು ಒಳಗೆ ತುಳಿಯತ್ತೆ," ಎಂದ. ಅದು ನನಗೆ ತೋಚಿರಲಿಲ್ಲ. ಅವನ ಕೈಗೆ ಮರೆತಿದ್ದೇನೂ ಇರಲಿಲ್ಲ, ಸೊಂಟ ಮಾತ್ರ ಕೆಳಗೆ ಇಳಿಯುತ್ತಿರಲಿಲ್ಲ.

ಕೊನೆಯ ಮೊಳೆ ಮಡಚಿದ ಮೇಲೆ ಬೆವ್ ಜುನಿಪರ್‌ನ ನಡೆಸಿದಳು. ಹೆಜ್ಜೆ ಇನ್ನೂ ಅಳುಕುತ್ತಿತ್ತು, ಆದರೆ ಗೊರಸು ಚಪ್ಪಟೆಯಾಗಿ ನೆಲ ಮುಟ್ಟುತ್ತಿತ್ತು. ನಿಲ್ಲಿಸಿದಾಗ ಕಾಲು ಚಾಚಲಿಲ್ಲ.

"ನೋಡಿದ್ಯಾ ಕೊಲೀನ್? ಅನುಭವ ಅಂದ್ರೆ ಇದು," ಎಂದಳು ಬೆವ್.

"ಹೌದು," ಎಂದೆ.

ಹಿಂತಿರುಗುವಾಗ ದಾರಿಯಲ್ಲಿ ನನ್ನ ಫೋನ್ ಗುಂಯ್‌ಗುಟ್ಟಿತು. ನನ್ನದೇ ಗಿರಾಕಿ ಒಬ್ಬಳ ಸಂದೇಶ. ಬೆವ್ ಎಷ್ಟು ಚುರುಕು! ತಿರುವಿನಲ್ಲಿ ನಿಲ್ಲಿಸಿ ಓದಿಕೊಂಡೆ.

"ಏನಂತೆ?" ಎಂದ ಮರ್ವಿನ್ ಹಿಂದಿನ ಸೀಟಿನಿಂದ.

"ನೀವು ನನಗೆ ಲಾಳ ಕಟ್ಟೋದು ಹೇಳ್ಕೊಡ್ತಿದೀರಂತೆ. ನಿಜಾನಾ ಅಂತ ಕೇಳ್ತಿದಾಳೆ."

ಅವನು ನಗಲಿಲ್ಲ. ಕನ್ನಡಿಯಲ್ಲಿ ನೋಡಿದೆ, ಕಿಟಕಿಯ ಹೊರಗೆ ನೋಡುತ್ತಿದ್ದ. ಟ್ರಕ್ ಹೊರಟಮೇಲೆ ಮಾತಾಡಿದ.

"ಆ ಹೇಸರಗತ್ತೆ ಒದೀಲಿಲ್ಲ."

"ಮತ್ತೆ?"

"ಸೊಂಟ ಕೈಕೊಡ್ತು. ಅದರ ಕೆಳಗೆ ನಾನೇ ಕುಸಿದೆ. ಪಾಪ, ಅದು ಕಾಲಿಡೋಕೆ ಜಾಗ ಹುಡುಕ್ತಿತ್ತು." ಪ್ಲಾಸ್ಟರ್ ಕಾಲನ್ನು ಸರಿಸಿಕೊಂಡು, "ಎಲ್ಲಾ ಕುದುರೇದೂ ಹಾಗೇನಾ? ಎಡಗಾಲು?"

ಸುಳ್ಳು ಹೇಳಬಹುದಿತ್ತು. "ಹೆಚ್ಚಿನವು," ಎಂದೆ.

"ನೀನು ಯಾರಿಗೂ ಹೇಳಿಲ್ಲ."

"ಇಲ್ಲ."

"ಯಾಕೆ? ನನ್ನ ಲಾಯ ಎಲ್ಲಾ ನಿನ್ನ ಜೇಬಿಗೆ ಬೀಳ್ತಿತ್ತಲ್ಲ."

"ಎಲ್ಲಾ ಬಿದ್ರೆ ಈ ಮಂಡಿ ಇಟ್ಕೊಂಡು ಏನ್ ಮಾಡ್ಲಿ?" ಎಂದೆ. ದನಿ ನನಗೇ ಗೊತ್ತಿಲ್ಲದೆ ಏರಿತ್ತು. "ನನಗೆ ನಿಮ್ಮ ಲಾಯ ಬೇಡ ಮರ್ವಿನ್. ಅಕ್ಟೋಬರ್‌ನಲ್ಲಿ ಒಬ್ರು ಬೇಕು. ನೀವೇ ಬರ್ತೀರಾ ಅಂತ ನಂಬ್ಕೊಂಡು ಕೂತಿದ್ದೆ. ಈಗ ನೋಡಿದ್ರೆ ನಿಮ್ಮ ಕೈಲೂ ಆಗಲ್ಲ. ಮತ್ತೆ ಮುಂದಕ್ಕೆ ಹಾಕಿದ್ರೆ ಆಸ್ಪತ್ರೆಯವರು ಹೆಸರು ತೆಗೀತಾರೆ."

ಟಾರ್ ರಸ್ತೆ ಮುಗಿದು ಜಲ್ಲಿ ಶುರುವಾಯಿತು. ಅವನ ಊರುಗೋಲುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

"ನದಿ ಆಚೆ ಗೇಟಾನ್ ಇದಾನೆ," ಎಂದ ಕೊನೆಗೆ.

ಗೇಟಾನ್ ಲಾಫ್ರೆನಿಯೇರ್ ನದಿಯಾಚೆ, ಕ್ವಿಬೆಕ್ ಕಡೆಯ ಲಾಳಗಾರ. ಒಂದು ಕಾಲದಲ್ಲಿ ಇಬ್ಬರೂ ಒಟ್ಟಿಗೆ ದುಡಿದವರಂತೆ. ಯಾವುದೋ ದೊಡ್ಡ ಲಾಯದ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟಿದ್ದರು. ಮರ್ವಿನ್ ಎದುರು ಆ ಹೆಸರೆತ್ತಬಾರದು ಎಂದು ಊರಿಗೇ ಗೊತ್ತು.

"ಒಳ್ಳೆ ಕೈ ಅವಂದು," ಎಂದ ಮರ್ವಿನ್, ಹಲ್ಲುನೋವು ಬಂದವನ ಹಾಗೆ. "ಮಗನೂ ಕಲ್ತಿದಾನಂತೆ. ಬಗ್ಗೋ ಕೆಲ್ಸ ಅವ್ರು ಮಾಡ್ಲಿ. ನಾನು ಬಕೆಟ್ ಮೇಲೆ ಕೂತು ಬೈತೀನಿ. ನಿನ್ನ ಕುದುರೆ ಯಾವುದು ಹೇಗೆ ಅಂತ ಮೊದಲೇ ನೀನು ನನಗೆ ಹೇಳ್ಕೊಡು. ಆಗ ಆ ನಿನ್ನ ಗಿರಾಕಿಗೆ ಬರೆದು ಹಾಕು, ಕೊಲೀನ್ ಮರ್ವಿನ್‌ಗೆ ಪಾಠ ಮಾಡ್ತಿದಾಳೆ ಅಂತ."

"ಅವರು ಒಪ್ತಾರಾ?"

"ನಾನಾಗಿದ್ರೆ ಒಪ್ತಿರ್ಲಿಲ್ಲ."

ಫೋನ್ ತೆಗೆದ. ನಂಬರ್ ಹುಡುಕಲೇ ಇಲ್ಲ, ಬೆರಳಿಗೇ ನೆನಪಿತ್ತು. ಒತ್ತಿ, ಒಂದು ಸಲ ರಿಂಗಾಗುತ್ತಲೇ ಕತ್ತರಿಸಿದ. ಸಣ್ಣ ದನಿಯಲ್ಲಿ ಏನೋ ಕೆಟ್ಟ ಮಾತಾಡಿಕೊಂಡ. ಟೆಸ್ಸಾ ಸ್ಕೂಲಿನ ಮುಂದೆ ಕಾಯುತ್ತಿರುತ್ತಾಳೆ ಎಂಬುದು ನೆನಪಿದ್ದರೂ ನಾನು ಟ್ರಕ್ಕನ್ನು ಬದಿಗೆ ಹಾಕಿ ಎಂಜಿನ್ ಆರಿಸಿದೆ. ಟ್ರಕ್ ಓಡುತ್ತಿದ್ದರೆ ಗದ್ದಲದ ನೆಪ ಹೇಳಿ ಬಿಟ್ಟುಬಿಡುತ್ತಾನೆ.

ಎರಡನೆಯ ಸಲ ಒತ್ತಿದ. ರಿಂಗಾಯಿತು. ಬಹಳ ಹೊತ್ತು ಆಗುತ್ತಲೇ ಇತ್ತು. ಕೊನೆಗೆ ಆ ಕಡೆಯಿಂದ ಒರಟು ದನಿಯೊಂದು ಹಿಂದಿನ ಸೀಟಿನಿಂದ ನನಗೂ ಕೇಳಿಸಿತು.

"ಏನು, ಬದುಕಿದೀಯಾ ಇನ್ನೂ? ಯಾರ ಕುದುರೆ ಹಾಳು ಮಾಡ್ದೆ?"

ಮರ್ವಿನ್ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ಕಣ್ಣು ತೆಗೆಯಲಿಲ್ಲ.

"ಕುದುರೆ ವಿಷಯ ಆಮೇಲೆ ಗೇಟಾನ್," ಎಂದ. "ನನ್ನ ಸೊಂಟ ಹೋಗಿದೆ. ಇಲ್ಲೊಬ್ಳ ಮಂಡಿ ಹೋಗಿದೆ. ನಿನ್ನ ಮೈಯಲ್ಲಿ ಏನೇನು ಉಳಿದಿದೆ, ಮೊದಲು ಅದನ್ನ ಹೇಳು."